ಅಂಜದೀವ್: ಕಡಲ ನಡುವಿನ ಕೋಟೆ ಕಲಿಸುವ ಪಾಠ



ಇತಿಹಾಸದ ಪುಸ್ತಕದಲ್ಲಿ ‘ಯುರೋಪಿಯನ್ನರ ಆಗಮನ’ ಎಂಬ ಪಾಠ ಬಂದಾಗ ನಾವು ಕಲ್ಲಿಕೋಟೆ, ಕೊಚ್ಚಿ, ಗೋವಾ ಎಂದು ಹೆಸರು ಬರೆದುಕೊಂಡು, ಇಸವಿಗಳನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗಿಬಿಡುತ್ತೇವೆ. ಆ ಊರುಗಳ ನಡುವೆ, ನಮ್ಮ ಕಾರವಾರದ ದಡಕ್ಕೆ ತೀರ ಹತ್ತಿರದಲ್ಲಿ, ಒಂದು ಸಣ್ಣ ದ್ವೀಪವಿದೆ. ಅದರ ಹೆಸರು ಅಂಜದೀವ್. ಇಬ್ನ್ ಬತೂತಾ ಕಂಡನೆನ್ನುವ, ವಾಸ್ಕೋ ಡ ಗಾಮಾ ಹಡಗು ನಿಲ್ಲಿಸಿದ, ಪೋರ್ಚುಗೀಸರು ಎರಡು ಬಾರಿ ಕೋಟೆ ಕಟ್ಟಿದ, ಇಂಗ್ಲಿಷ್ ಸೈನಿಕರು ನೂರಾರು ಸಂಖ್ಯೆಯಲ್ಲಿ ಸತ್ತ, 1961ರಲ್ಲಿ ಭಾರತದ ಏಳು ಮಂದಿ ಪ್ರಾಣ ಕೊಟ್ಟ ದ್ವೀಪ ಇದು. ಪರೀಕ್ಷೆಯಲ್ಲಿ ಈ ಹೆಸರು ಬರಲಿಕ್ಕಿಲ್ಲ. ಆದರೂ ಇದನ್ನು ಓದಿಕೊಂಡರೆ ಕೋಟೆಯೊಂದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ತಿಳಿಯುತ್ತದೆ. ಕೋಟೆಗಳ ನಡುವೆಯೇ ಬೆಳೆಯುವ ನಮಗೆ ಅದು ಬೇಕಾದ ವಿದ್ಯೆ.

ಕಡಲಿಲ್ಲದ ಜಿಲ್ಲೆಗೆ ಕಡಲಿನ ಪಾಠ ಏಕೆ?

ನಮ್ಮದು ಬಿಸಿಲು, ಬಂಡೆ, ಕಪ್ಪುಮಣ್ಣಿನ ನಾಡು. ಬಳ್ಳಾರಿಯ ಮಕ್ಕಳಿಗೆ ಕೋಟೆ ಎಂದರೆ ಊರ ನಡುವೆ ಎದ್ದು ನಿಂತಿರುವ ಏಕಶಿಲೆಯ ಗುಡ್ಡ. ಕುರುಗೋಡಿನವರಿಗೆ ಬೆಟ್ಟದ ಸಾಲಿನ ಮೇಲಿನ ಹಳೆಯ ಗೋಡೆಗಳು. ಸಿರುಗುಪ್ಪದ ಕಡೆಯವರು ಕಡಲು ಕಾಣದಿದ್ದರೂ ನಡುಗಡ್ಡೆ ಕಂಡವರು. ತುಂಗಭದ್ರೆ ಅಲ್ಲಿ ಕವಲೊಡೆದು ದೇಶನೂರನ್ನು ಸುತ್ತಿಕೊಂಡು ಹರಿಯುತ್ತಾಳೆ. ನದಿ ತುಂಬಿ ಬಂದಾಗ ನಡುಗಡ್ಡೆಯ ಬದುಕು ಎಷ್ಟು ಕಷ್ಟವೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಅಂಜದೀವ್ ಕತೆಯನ್ನು ಓದುವಾಗ ಆ ನೆನಪು ಉಪಯೋಗಕ್ಕೆ ಬರುತ್ತದೆ.

ಕಡಲಿಗೂ ನಮಗೂ ನಂಟು ಇಲ್ಲವೆಂದು ತಿಳಿಯುವುದು ಸರಿಯಲ್ಲ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಬರುತ್ತಿದ್ದುದು ಅರಬ್ಬೀ ಸಮುದ್ರದ ಆಚೆಯಿಂದ. ಭಟ್ಕಳ, ಹೊನ್ನಾವರ, ಗೋವಾ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ, ಅವು ಹಂಪಿ ಸೇರುತ್ತಿದ್ದವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಬರಹಗಾರ ನುನಿಜ್, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ನಮ್ಮೂರಿನ ಮೂಲಕ ಹೋಗುವ ಹೆದ್ದಾರಿಗೆ ಹಿಂದೆ 63 ಎಂಬ ಸಂಖ್ಯೆ ಇತ್ತು. ಪೂರ್ವದಲ್ಲಿ ಗುತ್ತಿಯಿಂದ ಹೊರಟು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅಂಕೋಲಾದಲ್ಲಿ ಅದು ಕಡಲು ಮುಟ್ಟುತ್ತಿತ್ತು. ನಮ್ಮ ಜಿಲ್ಲೆಯ ಅದಿರು ಲಾರಿಗಳು ಹೋಗುತ್ತಿದ್ದ ಬೇಲೆಕೇರಿ ಬಂದರು ಅಂಕೋಲಾದ ಪಕ್ಕದಲ್ಲೇ ಇದೆ. ಬೇಲೆಕೇರಿಯಿಂದ ದಡ ಹಿಡಿದು ಉತ್ತರಕ್ಕೆ ಹೋದರೆ ಸ್ವಲ್ಪ ದೂರದಲ್ಲೇ ಅಂಜದೀವ್. ಒಂದು ಕಾಲದಲ್ಲಿ ಕುದುರೆ ಬಂದ ಕರಾವಳಿಗೆ ಇನ್ನೊಂದು ಕಾಲದಲ್ಲಿ ನಮ್ಮ ಅದಿರು ಹೋಯಿತು. ಆ ಕರಾವಳಿಯನ್ನು ಕಾಯಲು ಕಟ್ಟಿದ ಕೋಟೆಯ ಕತೆ ನಮ್ಮದೂ ಹೌದು.

ದ್ವೀಪ ಎಲ್ಲಿದೆ, ಹೇಗಿದೆ?

ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾ ಊರುಗಳ ಎದುರಿಗೆ, ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಈ ದ್ವೀಪವಿದೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಅಗಲ ಅದಕ್ಕಿಂತ ಬಹಳ ಕಡಿಮೆ. ಸಮುದ್ರದ ಕಡೆಯ ಮುಖ ಬಂಡೆಗಳಿಂದ ಕಡಿದಾಗಿದೆ. ದಡದ ಕಡೆಯ ಮುಖದಲ್ಲಿ ದೋಣಿ ನಿಲ್ಲಿಸಲು ಜಾಗ, ಮರಗಿಡ, ಕಟ್ಟಡಗಳು. ಕರ್ನಾಟಕದ ದಡಕ್ಕೆ ಅಂಟಿಕೊಂಡಂತಿದ್ದರೂ ಆಡಳಿತದ ಲೆಕ್ಕದಲ್ಲಿ ಇದು ಗೋವಾಕ್ಕೆ ಸೇರಿದೆ. ಪೋರ್ಚುಗೀಸರ ಕೈಯಲ್ಲಿ 1961ರವರೆಗೆ ಉಳಿದದ್ದೇ ಅದಕ್ಕೆ ಕಾರಣ.

ಈಗ ಉಳಿದಿರುವುದು ಕೋಟೆಗೋಡೆಯ ಭಾಗಗಳು, ಹಳೆಯ ಕಟ್ಟಡಗಳ ಅವಶೇಷ, ನೀರಿನ ತಾಣಗಳು ಮತ್ತು ಚರ್ಚು. ದ್ವೀಪ ಇಂದು ನೌಕಾಪಡೆಯ ವಶದಲ್ಲಿರುವುದರಿಂದ ಸಾರ್ವಜನಿಕರು ಬೇಕೆಂದಾಗ ಹೋಗಿ ನೋಡುವಂತಿಲ್ಲ. ಆದ್ದರಿಂದ ಇದನ್ನು ಕಾಲಿನಿಂದಲ್ಲ, ದಾಖಲೆಗಳಿಂದ ನೋಡಬೇಕಾಗಿದೆ.

ಯಾವ ಕೋಟೆಯ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಬೇಕು. ಒಳಗಿರುವವರಿಗೆ ಕುಡಿಯುವ ನೀರು ಎಲ್ಲಿಂದ? ಅನ್ನ, ಮದ್ದುಗುಂಡು ಬರುವ ದಾರಿ ಯಾವುದು, ಅದು ಯಾರ ಕೈಯಲ್ಲಿದೆ? ಸುತ್ತಲಿನ ಜನರಿಗೂ ಕೋಟೆಗೂ ಏನು ಸಂಬಂಧ? ಗೋಡೆಯ ಎತ್ತರ, ಫಿರಂಗಿಯ ಸಂಖ್ಯೆ ಆಮೇಲಿನ ಮಾತು. ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡೇ ಮುಂದಕ್ಕೆ ಹೋಗೋಣ.

ಮೊದಲು ನೀರು, ಆಮೇಲೆ ಕೋಟೆ

ಸುಮಾರು 1342ರಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟು ಪಶ್ಚಿಮ ಕರಾವಳಿಯಲ್ಲಿ ಹಡಗಿನಲ್ಲಿ ಸಾಗಿದ. ಗೋವಾ ದಾಟಿದ ಮೇಲೆ ದಡಕ್ಕೆ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ಅವನ ಹಡಗು ನಿಂತಿತು. ಅಲ್ಲಿ ಒಂದು ದೇಗುಲ, ಒಂದು ತೋಟ, ಒಂದು ನೀರಿನ ಕೊಳ ಇದ್ದವೆಂದು ಅವನು ಬರೆದಿದ್ದಾನೆ. ವಿದ್ವಾಂಸರು ಈ ದ್ವೀಪವನ್ನು ಅಂಜದೀವ್ ಎಂದು ಗುರುತಿಸುತ್ತಾರೆ. ದೇಗುಲದ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಯೋಗಿ ಇವರನ್ನು ಕಂಡೂ ಮಾತಾಡಲಿಲ್ಲ. ತಿನ್ನಲು ತೆಂಗಿನಕಾಯಿ ಕೊಟ್ಟ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಇಬ್ನ್ ಬತೂತಾ ಅವನ ಕೈಗೆ ಮುತ್ತಿಟ್ಟ. ಯೋಗಿಯೂ ನಕ್ಕು ಇವನ ಕೈಗೆ ಮುತ್ತಿಟ್ಟ. ಮುಂದೆ ಫಿರಂಗಿಗಳು ಬರಲಿದ್ದ ದ್ವೀಪದ ಬಗ್ಗೆ ನಮಗೆ ಸಿಗುವ ಹಳೆಯ ಚಿತ್ರಗಳಲ್ಲಿ ಇದೂ ಒಂದು: ಭಾಷೆ ಗೊತ್ತಿಲ್ಲದ ಇಬ್ಬರು, ಒಂದು ಕೊಳ, ಒಂದು ತೆಂಗಿನಕಾಯಿ.

ಮರುದಿನ ಅವನು ತಲುಪಿದ್ದು ಹೊನ್ನಾವರ. ಅವನ ಬರಹದಲ್ಲಿ ಅದು ‘ಹಿನವ್ರ್’. ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದೂ, ಅಲ್ಲಿನ ಹೆಣ್ಣುಮಕ್ಕಳು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದೂ ಅವನು ದಾಖಲಿಸಿದ್ದಾನೆ. ಆರೂವರೆ ಶತಮಾನಕ್ಕೂ ಹಿಂದೆ ನಮ್ಮ ಕರಾವಳಿಯ ಒಂದು ಬಂದರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ ಎಂಬ ಮಾತನ್ನು ವಿದ್ಯಾರ್ಥಿನಿಯರು ವಿಶೇಷವಾಗಿ ನೆನಪಿಡಬೇಕು. ಪೋರ್ಚುಗೀಸರು ಬರುವ ಮೊದಲು ಈ ಕಡಲು ಬರಿದಾಗಿರಲಿಲ್ಲ. ಅರಬ್ಬರು, ಗುಜರಾತಿಗಳು, ಮಲಬಾರಿನವರು, ಕೊಂಕಣಿಗರು, ನವಾಯತರು ಇಲ್ಲಿ ವ್ಯಾಪಾರ ಮಾಡುತ್ತಿದ್ದರು. ಯಾರ ಹಡಗಾದರೂ ದ್ವೀಪದಲ್ಲಿ ನೀರು ತುಂಬಿಸಿಕೊಂಡು ಹೋಗಬಹುದಾಗಿತ್ತು.

1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯಿಂದ ತನ್ನ ದೇಶಕ್ಕೆ ಮರಳುವಾಗ ಇಲ್ಲಿಯೇ ಲಂಗರು ಹಾಕಿದ. ಹಡಗುಗಳನ್ನು ದಡಕ್ಕೆಳೆದು ತಳ ಶುಚಿಮಾಡಿಸಿ, ನೀರು ತುಂಬಿಸಿ, ಅಕ್ಟೋಬರ್ ಮೊದಲ ವಾರ ಹೊರಟ. ಕಲ್ಲಿನಿಂದ ಕಟ್ಟಿದ ನೀರಿನ ತೊಟ್ಟಿಯನ್ನು ಅವನ ಜೊತೆಗಿದ್ದವರೂ ಗಮನಿಸಿದ್ದರು. ಮುಂದೆ ಇಲ್ಲಿ ಪೋರ್ಚುಗೀಸರು ಕಟ್ಟಿದ ಚರ್ಚಿಗೆ ‘ಚಿಲುಮೆಗಳ ಮಾತೆ’ ಎಂಬ ಅರ್ಥದ ಹೆಸರಿದೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಅಂಜದೀವ್‌ಗೆ ಬೆಲೆ ಬಂದದ್ದು ಉಪ್ಪುನೀರಿನ ನಡುವೆ ಸಿಹಿನೀರು ಇದ್ದುದರಿಂದ.

ಮೊದಲ ಕೋಟೆ: ಕಟ್ಟಿದ್ದೂ ಬೇಗ, ಕೆಡವಿದ್ದೂ ಬೇಗ

ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇಡಾ 1505ರ ಸೆಪ್ಟೆಂಬರಿನಲ್ಲಿ ಬಂದವನೇ ಇಲ್ಲಿ ಕೋಟೆ ಕಟ್ಟಿಸಲು ತೊಡಗಿದ. ಲೆಕ್ಕಾಚಾರ ಸರಳವಾಗಿತ್ತು. ಅರಬ್ಬೀ ಕಡಲಿನಲ್ಲಿ ಓಡಾಡುವ ಹಡಗುಗಳ ಮೇಲೆ ಕಣ್ಣಿಡಬೇಕು, ತನ್ನ ಹಡಗುಗಳಿಗೆ ನೀರು ಸಿಗಬೇಕು, ಎದುರಾಳಿಗೆ ಸಿಗಬಾರದು. ಎಲ್ಲರ ಕೊಳವಾಗಿದ್ದದ್ದು ಆಗ ಒಬ್ಬರ ಕೊಳವಾಯಿತು.

ಮರುವರ್ಷವೇ ಗೋವಾದ ಕಡೆಯಿಂದ ಹಡಗುಗಳ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು. ಆಗ ಗೋವಾ ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು. ಕೋಟೆ ಬೀಳಲಿಲ್ಲ, ನೆರವಿಗೆ ಪೋರ್ಚುಗೀಸ್ ಹಡಗುಗಳು ಬಂದುವು. ಆದರೆ ಗೆದ್ದವರೇ ಸ್ವಲ್ಪ ಕಾಲದಲ್ಲಿ ಕೋಟೆಯನ್ನು ಕೆಡವಿ ದ್ವೀಪ ಬಿಟ್ಟು ಹೋದರು.

ಗೆದ್ದ ಮೇಲೆ ಏಕೆ ಬಿಟ್ಟರು? ಇಲ್ಲಿ ನಮ್ಮ ಎರಡನೆಯ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತದ ಕಾಲ. ಹಾಯಿ ಹಡಗಿನ ದಿನಗಳಲ್ಲಿ ಆ ತಿಂಗಳುಗಳಲ್ಲಿ ಕಡಲಿನ ದಾರಿ ಮುಚ್ಚಿದಂತೆಯೇ. ದ್ವೀಪದಲ್ಲಿರುವ ಕಾವಲು ಪಡೆಗೆ ಹೊರಗಿನಿಂದ ಅಕ್ಕಿ ಬರುವುದಿಲ್ಲ, ಮದ್ದು ಬರುವುದಿಲ್ಲ, ನೆರವಿನ ಹಡಗೂ ಬರುವುದಿಲ್ಲ. ಶತ್ರುವಾದರೋ ಎದುರಿನ ದಡದಲ್ಲೇ ಇದ್ದಾನೆ. ಅಂದರೆ ಪ್ರತಿ ವರ್ಷ ಮಳೆಗಾಲವೇ ಒಂದು ಮುತ್ತಿಗೆ. ಈ ಮುತ್ತಿಗೆಗೆ ಫಿರಂಗಿಯಲ್ಲಿ ಉತ್ತರವಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ 1510ರಲ್ಲಿ ಸಿಗುತ್ತದೆ. ಅಲ್ಬುಕರ್ಕ್ ಆ ವರ್ಷ ಗೋವಾ ಹಿಡಿದು, ಕೆಲವೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯದ ಎದುರು ನಿಲ್ಲಲಾರದೆ ಬಿಟ್ಟ. ಹಡಗು ಹತ್ತಿದರೂ ಕಡಲಿಗೆ ಹೋಗುವಂತಿರಲಿಲ್ಲ, ಮಳೆಗಾಲ ಬಂದಾಗಿತ್ತು. ಮಾಂಡೋವಿ ನದಿಯಲ್ಲೇ ಸಿಕ್ಕಿಬಿದ್ದು ಅವನ ಜನ ಹಸಿವಿನಿಂದ ಒದ್ದಾಡಿದರು. ಆಗಸ್ಟಿನಲ್ಲಿ ಕಡಲು ತಿಳಿಯಾದ ಮೇಲೆ ಅವನು ಬಂದು ಸುಧಾರಿಸಿಕೊಂಡದ್ದು ಇದೇ ಅಂಜದೀವ್‌ನಲ್ಲಿ. ನವೆಂಬರಿನಲ್ಲಿ ಮತ್ತೆ ಹೋಗಿ ಗೋವಾ ಹಿಡಿದ. ಹೊನ್ನಾವರದ ತಿಮ್ಮೋಜನ ನೆರವು ಅವನಿಗೆ ಇತ್ತೆಂಬುದನ್ನು ಮರೆಯಬಾರದು. ದಡದಲ್ಲಿ ಒಬ್ಬ ಬಲ್ಲವನ ಸಹಾಯ ಇಲ್ಲದಿದ್ದರೆ ಪರದೇಶದ ಹಡಗುಗಳಿಗೆ ಇಲ್ಲಿ ಕಾಲೂರುವುದು ಸುಲಭವಾಗಿರಲಿಲ್ಲ.

ಕಾವಲಿನ ದ್ವೀಪ ಸೆರೆಮನೆಯಾದದ್ದು

1661ರ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನಿಗೆ ಮದುವೆ ಮಾಡಿಕೊಡುವಾಗ ಬೊಂಬಾಯಿಯನ್ನು ವರದಕ್ಷಿಣೆಯಾಗಿ ಕೊಟ್ಟ ಸಂಗತಿ ನಿಮಗೆ ಗೊತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ 1662ರಲ್ಲಿ ಬಂದ. ಬೊಂಬಾಯಿಯ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ಊರು ಬಿಟ್ಟುಕೊಡಲಿಲ್ಲ. ಸೂರತ್ತಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರು ಮೊಘಲರ ಕೋಪಕ್ಕೆ ಹೆದರಿ ಇವರನ್ನು ಅಲ್ಲಿ ಇಳಿಸಿಕೊಳ್ಳಲಿಲ್ಲ. ಎಲ್ಲೂ ಜಾಗವಿಲ್ಲದೆ ಈ ಸೈನಿಕರು ಬಂದು ತಂಗಿದ್ದು ಅಂಜದೀವ್‌ನಲ್ಲಿ.

ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಕಾದರು. ಯಾರೂ ಅವರ ಮೇಲೆ ದಂಡೆತ್ತಿ ಬರಲಿಲ್ಲ. ಆದರೂ ಜ್ವರ, ಬೇಧಿ, ಕೆಟ್ಟ ಆಹಾರ, ಮಳೆಗಾಲದ ತೇವಕ್ಕೆ ಸಿಕ್ಕಿ ಒಬ್ಬೊಬ್ಬರಾಗಿ ಸತ್ತರು. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಕೂಡ ಅಲ್ಲೇ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಎಂಬವನು ಬೊಂಬಾಯಿಯನ್ನು ವಶಕ್ಕೆ ತೆಗೆದುಕೊಂಡಾಗ ಅವನ ಜೊತೆಗೆ ಉಳಿದಿದ್ದವರು ಸುಮಾರು ನೂರು ಮಂದಿ. ಅಂದರೆ ನಾಲ್ವರಲ್ಲಿ ಮೂವರು ಹೋದರು. ಇವರನ್ನು ಕೊಂದದ್ದು ಕತ್ತಿಯೂ ಅಲ್ಲ, ಗುಂಡೂ ಅಲ್ಲ. ಸುತ್ತಲಿನ ನೀರು ಶತ್ರುವನ್ನು ಹೊರಗಿಡುತ್ತದೆ, ನಿಜ; ಒಳಗಿರುವವರನ್ನು ಒಳಗೇ ಇಡುತ್ತದೆ, ಅದೂ ಅಷ್ಟೇ ನಿಜ. ಇಂದಿನ ಮಹಾನಗರ ಮುಂಬೈಯ ಇತಿಹಾಸದ ಒಂದು ಪುಟ ಕಾರವಾರದ ಎದುರಿನ ಈ ದ್ವೀಪದಲ್ಲಿ ಹೂತುಹೋಗಿದೆ.

1682ರ ಕೋಟೆ ಮತ್ತು ಅದೇ ಕಾಲದ ಜಂಜೀರಾ

ಇಂದು ಅವಶೇಷವಾಗಿ ಉಳಿದಿರುವ ಕೋಟೆಯ ಕೆಲಸ ಆರಂಭವಾದದ್ದು 1682ರಲ್ಲಿ. ಆಗ ಶಿವಾಜಿಯ ಮಗ ಸಂಭಾಜಿ ಮರಾಠರ ದೊರೆ. ಅವನು ಅಂಜದೀವ್‌ನಲ್ಲಿ ನೆಲೆಯೂರಿದರೆ ಗೋವಾದ ದಕ್ಷಿಣದ ಕಡಲು ತಮ್ಮ ಕೈ ತಪ್ಪುತ್ತದೆಂದು ಹೆದರಿದ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದೆ ತಾವೊರಾ, ಅವನಿಗಿಂತ ಮೊದಲೇ ದ್ವೀಪಕ್ಕೆ ಸೈನ್ಯ ಕಳಿಸಿ ಗೋಡೆ ಎಬ್ಬಿಸಿದ. ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ದಡದಿಂದ ಓಡಿಬಂದವರಿಗೆ ಈ ಕೋಟೆ ಆಶ್ರಯ ಕೊಟ್ಟಿತು. ಆಮೇಲೆ ಗೋವಾದ ಅಪರಾಧಿಗಳನ್ನು ಗಡೀಪಾರು ಮಾಡುವ ಜಾಗವೂ ಆಯಿತು.

ಅದೇ ಸುಮಾರಿನಲ್ಲಿ ಉತ್ತರದ ಕೊಂಕಣದಲ್ಲಿ ಇನ್ನೊಂದು ದ್ವೀಪದ ಕೋಟೆಗೆ ಸಂಭಾಜಿ ಮುತ್ತಿಗೆ ಹಾಕಿದ್ದ. ಅದು ಮುರುಡದ ಜಂಜೀರಾ. ಆಫ್ರಿಕಾದ ಅಬಿಸೀನಿಯಾ ಮೂಲದ ಸಿದ್ದಿಗಳು ಅದರ ಒಡೆಯರು. ಶಿವಾಜಿ ಹಲವು ಬಾರಿ ಪ್ರಯತ್ನಿಸಿದರೂ ಆ ಕೋಟೆ ಸಿಕ್ಕಿರಲಿಲ್ಲ. ಸಂಭಾಜಿ ದಡದಿಂದ ಕೋಟೆಯವರೆಗೆ ಕಡಲಿಗೆ ಕಲ್ಲು ತುಂಬಿಸಿ ದಾರಿ ಮಾಡಲು ಹೊರಟ, ಅದೂ ಕೈಗೂಡಲಿಲ್ಲ. ಜಂಜೀರಾ ಉಳಿದದ್ದು ಹೇಗೆ? ಗೋಡೆ ಗಟ್ಟಿ ಇತ್ತು, ಸರಿ. ಅದರ ಜೊತೆಗೆ ಕೋಟೆಯ ಒಳಗೆ ದೊಡ್ಡ ಸಿಹಿನೀರಿನ ಕೊಳಗಳಿದ್ದವು. ಸಿದ್ದಿಗಳ ಹತ್ತಿರ ಸ್ವಂತ ಹಡಗುಪಡೆ ಇತ್ತು. ಮೊಘಲರ ಸ್ನೇಹವೂ ಇತ್ತು. ನೀರು ಒಳಗೆ, ದಾರಿ ತಮ್ಮ ಕೈಯಲ್ಲಿ. ನಮ್ಮ ಮೊದಲ ಎರಡು ಪ್ರಶ್ನೆಗಳಿಗೂ ಅಲ್ಲಿ ಸರಿಯಾದ ಉತ್ತರವಿತ್ತು. ದ್ವೀಪದ ಕೋಟೆಯ ನಿಜವಾದ ಗೋಡೆ ಅದರ ಹಡಗುಗಳು ಎಂಬುದನ್ನು ಜಂಜೀರಾ ತೋರಿಸಿಕೊಡುತ್ತದೆ.

1961: ಕೊನೆಯ ಯುದ್ಧ

1947ರಲ್ಲಿ ದೇಶ ಸ್ವತಂತ್ರವಾದರೂ ಗೋವಾ, ಅದರ ಜೊತೆಗೆ ಅಂಜದೀವ್, ಪೋರ್ಚುಗೀಸರ ಕೈಯಲ್ಲೇ ಉಳಿದವು. ಕಾರವಾರದ ಮೀನುಗಾರರು ಕಡಲಿಗಿಳಿದರೆ ಎದುರಿಗೆ ಪರದೇಶದ ಬಂದೂಕು. 1961ರ ನವೆಂಬರಿನಲ್ಲಿ ದ್ವೀಪದ ಸಮೀಪ ಹೋಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಲ್ಲಿಂದ ಗುಂಡು ಹಾರಿತು. ಹಡಗಿನ ಮುಖ್ಯ ಎಂಜಿನಿಯರ್ ಗಾಯಗೊಂಡರು. ಆ ತಿಂಗಳ ಗುಂಡಿನ ದಾಳಿಗಳಲ್ಲಿ ಒಂದು ಜೀವವೂ ಹೋಯಿತು. ದೇಶದಲ್ಲಿ ಸಿಟ್ಟು ಏರಿತು. ಡಿಸೆಂಬರಿನಲ್ಲಿ ‘ಆಪರೇಷನ್ ವಿಜಯ್’ ನಡೆಯಿತು.

ಅಂಜದೀವ್ ವಶಪಡಿಸಿಕೊಳ್ಳುವ ಕೆಲಸ ನೌಕಾಪಡೆಯ ‘ತ್ರಿಶೂಲ್’ ಮತ್ತು ‘ಮೈಸೂರು’ ಹಡಗುಗಳ ಪಾಲಿಗೆ ಬಂತು. ನಮ್ಮ ರಾಜ್ಯದ ಹೆಸರು ಆಗ ಇನ್ನೂ ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಡಿಸೆಂಬರ್ 18ರ ಬೆಳಿಗ್ಗೆ ನಾವಿಕರ ತಂಡಗಳು ದೋಣಿಯಲ್ಲಿ ದ್ವೀಪದ ಕಡೆಗೆ ಹೋದವು. ದ್ವೀಪದಲ್ಲಿ ಬಿಳಿ ಬಾವುಟ ಕಂಡಿತು, ಆದರೂ ಇಳಿಯುವವರ ಮೇಲೆ ಗುಂಡಿನ ಮಳೆ ಸುರಿಯಿತು ಎಂದು ನೌಕಾಪಡೆಯ ಇತಿಹಾಸ ಹೇಳುತ್ತದೆ. ಏಳು ಮಂದಿ ಸತ್ತರು, ಹಲವರು ಗಾಯಗೊಂಡರು. ಹಡಗುಗಳ ಫಿರಂಗಿಗಳು ಮಾತಾಡಿದ ಮೇಲೆ, ಮರುದಿನ, ದ್ವೀಪ ಭಾರತದ ವಶಕ್ಕೆ ಬಂತು. ಗೋವಾದಲ್ಲಿರುವ ನೌಕಾಪಡೆಯ ‘ಗೋಮಂತಕ’ ನೆಲೆಯಲ್ಲಿ ಆ ವೀರರ ಸ್ಮಾರಕವಿದೆ.

ಈ ಯುದ್ಧವನ್ನು ನಮ್ಮ ಪ್ರಶ್ನೆಗಳಿಂದ ನೋಡಿ. ಶತಮಾನಗಳ ಹಿಂದೆ ಹಾಯಿ ಹಡಗಿಗೆ ಎದುರಾಗಿ ಕಟ್ಟಿದ ಗೋಡೆಗಳು ‘ಮೈಸೂರು’ ಹಡಗಿನ ಆರು ಅಂಗುಲದ ಫಿರಂಗಿಗಳ ಮುಂದೆ ಲೆಕ್ಕಕ್ಕಿರಲಿಲ್ಲ. ಬಂಡೆಯ ಮರೆಯಲ್ಲಿ ಕುಳಿತ ಕೆಲವರು ಇಳಿಯುವವರ ಪ್ರಾಣ ತೆಗೆಯಬಲ್ಲವರಾಗಿದ್ದರು, ಆದರೆ ದ್ವೀಪ ಉಳಿಸಿಕೊಳ್ಳಬಲ್ಲವರಾಗಿರಲಿಲ್ಲ. ಅವರ ನೆರವಿಗೆ ಬರಬೇಕಾದ ಹಡಗು ಇರಲಿಲ್ಲ. ಎದುರಿನ ದಡದ ಜನ ಅವರವರಾಗಿರಲಿಲ್ಲ. 450 ವರ್ಷಗಳ ನಂತರವೂ ಆ ಕೋಟೆಯ ಕೊರತೆ ಅದೇ ಆಗಿತ್ತು. ಆ ಕೊರತೆ ಬಯಲಾಗುವ ಮೊದಲು ಏಳು ಮನೆಗಳ ಮಕ್ಕಳು ಹೋದರು ಎಂಬುದು ನಾವು ಬರೀ ಇಸವಿಯಾಗಿ ಬರೆದುಕೊಳ್ಳಬಾರದ ಸಂಗತಿ.

ದ್ವೀಪ ಈಗ ದ್ವೀಪವಲ್ಲ

1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ನೌಕಾನೆಲೆ ಕೆಲಸಕ್ಕೆ ಬಂತು. ಅದರ ಹೆಸರು ‘ಐಎನ್‌ಎಸ್ ಕದಂಬ’, ನಮ್ಮ ಬನವಾಸಿಯ ಕದಂಬರ ಹೆಸರು. ಅಲೆಗಳಿಂದ ಬಂದರನ್ನು ಕಾಯಲು ಬ್ರೇಕ್‌ವಾಟರ್ ಎನ್ನುವ ಕಲ್ಲಿನ ತಡೆಗೋಡೆ ಕಟ್ಟಿ ಅಂಜದೀವನ್ನು ದಡಕ್ಕೆ ಜೋಡಿಸಿದ್ದಾರೆ. ಸಂಭಾಜಿ ಜಂಜೀರಾದಲ್ಲಿ ಮಾಡಲಾಗದ್ದು ಇಲ್ಲಿ ಯಂತ್ರಗಳಿಂದ ಆಯಿತು. ಒಂದು ಕಾಲಕ್ಕೆ ಪರದೇಶದವರ ಕಾವಲುಗೂಡಾಗಿದ್ದ ಬಂಡೆ ಇಂದು ಭಾರತದ ಯುದ್ಧನೌಕೆಗಳಿಗೆ ಗಾಳಿಮರೆ.

ಮೂರನೆಯ ಪ್ರಶ್ನೆಯನ್ನು ಇಲ್ಲಿಯೂ ಬಿಡಬಾರದು. ಈ ನೆಲೆಗಾಗಿ ಅರಗಾ, ಚೆಂಡಿಯಾ ಮುಂತಾದ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಡ ಬಿಟ್ಟು ಹೋಗಬೇಕಾಯಿತು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. ದ್ವೀಪದ ಚರ್ಚಿನಲ್ಲಿ ಫೆಬ್ರವರಿ 2ರಂದು ನಡೆಯುತ್ತಿದ್ದ ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದ ಭಕ್ತರಿಗೂ ಭದ್ರತೆಯ ಕಾರಣಕ್ಕೆ ನಿರ್ಬಂಧ ಬಂತು. ದೇಶದ ರಕ್ಷಣೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಕ್ಷಣೆಯ ಬೆಲೆಯನ್ನು ಮೊದಲು ಕೊಟ್ಟವರು ಯಾರು ಎಂಬುದನ್ನೂ ಇತಿಹಾಸದ ವಿದ್ಯಾರ್ಥಿ ಬರೆದಿಡಬೇಕು. ತುಂಗಭದ್ರಾ ಅಣೆಕಟ್ಟಿನ ನೀರಿನಿಂದ ಗದ್ದೆ ಮಾಡುವ ನಮಗೆ, ಆ ನೀರಿನಲ್ಲಿ ಊರು ಮುಳುಗಿಸಿಕೊಂಡವರೂ ಇದ್ದಾರೆ ಎಂಬುದು ಗೊತ್ತಿರುವ ವಿಷಯವೇ.

ನಮ್ಮ ಗುಡ್ಡಕ್ಕೆ ಮರಳಿ

ಈಗ ಈ ಮೂರು ಪ್ರಶ್ನೆಗಳನ್ನು ನಮ್ಮ ಕೋಟೆಗೇ ಕೇಳೋಣ. ಬಳ್ಳಾರಿಯ ಮೇಲುಕೋಟೆ ವಿಜಯನಗರದ ಅಧೀನದಲ್ಲಿದ್ದ ಹನುಮಪ್ಪ ನಾಯಕನದ್ದೆಂದು ಇತಿಹಾಸ ಹೇಳುತ್ತದೆ. ಕೆಳಕೋಟೆಯನ್ನು ಕಟ್ಟಿಸಿದವನು ಹೈದರಾಲಿ. ಗುಡ್ಡ ಹತ್ತಿದವರು ಮೇಲೆ ಬಂಡೆಗಳ ನಡುವೆ ಮಳೆನೀರು ನಿಲ್ಲುವ ಹೊಂಡಗಳನ್ನು ನೋಡಿರುತ್ತೀರಿ. ಅಂಜದೀವ್‌ನಲ್ಲಿ ಚಿಲುಮೆ, ಜಂಜೀರಾದಲ್ಲಿ ಕೊಳ, ಇಲ್ಲಿ ಹೊಂಡ. ಅವು ಬತ್ತಿದ ದಿನ ಕೋಟೆಯೂ ಬಿದ್ದಂತೆಯೇ.

ಹೈದರಾಲಿಯ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ ಕತೆಯನ್ನು ನಮ್ಮೂರ ಹಿರಿಯರು ಹೇಳುತ್ತಾರೆ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ಅವನು ಗಮನಿಸಲಿಲ್ಲ, ಅಲ್ಲಿಂದ ಶತ್ರು ಫಿರಂಗಿ ಹೊಡೆಯಬಹುದು ಎಂದು ಸಿಟ್ಟಾಗಿ ಹೈದರ್ ಅವನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದ ಎಂಬುದು ಆ ಕತೆ. ಇದು ಜನರ ಬಾಯಲ್ಲಿ ಉಳಿದ ಕತೆ. ಆದರೆ ಅದರೊಳಗಿನ ತಿಳಿವಳಿಕೆ ಸರಿಯಾಗಿದೆ: ಗೋಡೆ ಎಷ್ಟು ದಪ್ಪ ಎನ್ನುವುದಕ್ಕಿಂತ ಎದುರಿಗೆ ಏನಿದೆ ಎಂದು ನೋಡುವುದು ಮುಖ್ಯ. ಅಂಜದೀವ್‌ನ ಎದುರಿಗೆ ಕಾರವಾರದ ದಡವಿತ್ತು. ನಮ್ಮ ಕೋಟೆಯ ಎದುರಿಗೆ ಕುಂಬಾರ ಗುಡ್ಡವಿದೆ.

ಒಂದು ವ್ಯತ್ಯಾಸವನ್ನೂ ಹೇಳಬೇಕು. ಅಂಜದೀವ್‌ಗೆ ನಾವು ಮನಬಂದಾಗ ಹೋಗುವಂತಿಲ್ಲ. ಬಳ್ಳಾರಿ, ಕುರುಗೋಡಿನ ಕೋಟೆಗಳಿಗೆ ಯಾರೂ ಹೋಗಬಹುದು. ಹೋದವರು ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ, ಹೊಂಡಕ್ಕೆ ಪ್ಲಾಸ್ಟಿಕ್ ಬಾಟಲಿ ಎಸೆಯುತ್ತಾರೆ. ಯಾವ ನೀರು ಒಂದು ಕಾಲದಲ್ಲಿ ಇಡೀ ಕೋಟೆಯ ಜೀವವಾಗಿತ್ತೋ ಅದಕ್ಕೇ ನಾವು ಕಸ ಹಾಕುತ್ತಿದ್ದೇವೆ. ಮುತ್ತಿಗೆ ಹಾಕಿದ ಸೈನ್ಯಗಳಿಗೂ ಬಗ್ಗದ ಕಲ್ಲು ನಮ್ಮ ಅಸಡ್ಡೆಗೆ ಬಗ್ಗುತ್ತದೆ. ಮುಂದಿನ ಸಲ ಗುಡ್ಡ ಹತ್ತುವಾಗ ಒಂದು ನೋಟ್‌ಬುಕ್ ಹಿಡಿದು ಹತ್ತಿ. ನೀರಿನ ಹೊಂಡ ಎಷ್ಟಿವೆ, ಯಾವುದರಲ್ಲಿ ಬೇಸಿಗೆಯಲ್ಲೂ ನೀರಿದೆ, ಮೇಲಿನಿಂದ ಯಾವ ಯಾವ ದಾರಿ ಕಾಣುತ್ತದೆ ಎಂದು ಬರೆದುಕೊಳ್ಳಿ. ಇತಿಹಾಸ ಬರೆಯುವ ಕೆಲಸ ಶುರುವಾಗುವುದು ಹಾಗೆಯೇ.

ನೆನಪಿಡಬೇಕಾದ ಇಸವಿಗಳು

ಸುಮಾರು 1342 – ಇಬ್ನ್ ಬತೂತಾ ದ್ವೀಪಕ್ಕೆ, ಮರುದಿನ ಹೊನ್ನಾವರಕ್ಕೆ
1498 – ವಾಸ್ಕೋ ಡ ಗಾಮಾ ಇಲ್ಲಿ ಲಂಗರು ಹಾಕಿದ್ದು
1505 – ಅಲ್ಮೇಡಾ ಕಟ್ಟಿಸಿದ ಮೊದಲ ಕೋಟೆ
1510 – ಮಳೆಗಾಲ ಕಳೆದು ಅಲ್ಬುಕರ್ಕ್ ಇಲ್ಲಿಗೆ ಬಂದದ್ದು
1662–1665 – ಇಂಗ್ಲಿಷ್ ಸೈನಿಕರ ಕಾಯುವಿಕೆ ಮತ್ತು ಸಾವು
1682 – ಪೋರ್ಚುಗೀಸರ ಎರಡನೆಯ ಕೋಟೆ
1961, ಡಿಸೆಂಬರ್ 18–19 – ದ್ವೀಪದ ವಿಮೋಚನೆ
2005 – ಐಎನ್‌ಎಸ್ ಕದಂಬ

ಅಭ್ಯಾಸಕ್ಕೆ

1. ಪೋರ್ಚುಗೀಸರು 1506ರ ಮುತ್ತಿಗೆಯಲ್ಲಿ ಸೋಲದಿದ್ದರೂ ಅಂಜದೀವ್ ಕೋಟೆಯನ್ನು ಏಕೆ ಬಿಟ್ಟರು? ಮಳೆಗಾಲದ ಪಾತ್ರವನ್ನು ವಿವರಿಸಿ.
2. ಅಂಜದೀವ್ ಮತ್ತು ಜಂಜೀರಾ ಕೋಟೆಗಳನ್ನು ನೀರು, ದಾರಿ, ಜನ ಎಂಬ ಮೂರು ಅಂಶಗಳಿಂದ ಹೋಲಿಸಿ.
3. ಇಬ್ನ್ ಬತೂತಾನ ಬರಹದಿಂದ 14ನೇ ಶತಮಾನದ ಹೊನ್ನಾವರದ ಬಗ್ಗೆ ಏನು ತಿಳಿಯುತ್ತದೆ?
4. ಭಾರತದ ಭೂಪಟದಲ್ಲಿ ಬಳ್ಳಾರಿ, ಹಂಪಿ, ಅಂಕೋಲಾ, ಕಾರವಾರ, ಹೊನ್ನಾವರ, ಭಟ್ಕಳ, ಗೋವಾ, ಮುರುಡ ಇವುಗಳನ್ನು ಗುರುತಿಸಿ. ಹಂಪಿಗೆ ಕುದುರೆ ಬಂದಿರಬಹುದಾದ ಒಂದು ದಾರಿಯನ್ನು ಗೆರೆ ಎಳೆದು ತೋರಿಸಿ.
5. ನಿಮ್ಮ ಊರಿನ ಅಥವಾ ಹತ್ತಿರದ ಒಂದು ಕೋಟೆಗೆ ಹೋಗಿ, ಮೇಲಿನ ಮೂರು ಪ್ರಶ್ನೆಗಳಿಗೆ ಕಣ್ಣಾರೆ ಕಂಡ ಉತ್ತರಗಳನ್ನು ಎರಡು ಪುಟದಲ್ಲಿ ಬರೆಯಿರಿ. ಕೇಳಿದ ಕತೆಯನ್ನೂ ಬರೆಯಬಹುದು. ಆದರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿ ತೋರಿಸಿ.